ಜೋಳದ ನೀಲಿ

ಮೆಕ್ಕೆಜೋಳದ ಬೆಂಡಿಗೆ ಬೆಂಡೆತ್ತುವುದು ನನ್ನ ಕೆಲಸ. ಕಾಳು ಬಿಡಿಸಿಕೊಂಡ ಮೇಲೆ ಹೊಲದ ಮೂಲೆಯಲ್ಲಿ ಸುರಿದು ಬೆಂಕಿ ಹಚ್ಚುವ ಬೆಂಡು, ದಂಟು, ಸಿಪ್ಪೆಗಳನ್ನು ಗೋಣಿಚೀಲದಲ್ಲಿ ತುಂಬಿ ತಂದು, ಒಣಗಿಸಿ, ಹಿಟ್ಟು ಮಾಡಿ ಅಕ್ಕನಿಗೆ ಕೊಡುತ್ತೇನೆ. ಅಕ್ಕ ಅದನ್ನು ನೀರು ಮತ್ತು ಒಂದು ಚಿಟಿಕೆ ಕ್ಷಾರದ ಜೊತೆ ದಪ್ಪ ಸ್ಟೀಲಿನ ಪಾತ್ರೆಗೆ ಹಾಕಿ, ಮುಚ್ಚಳ ತಿರುಪಿ ಬಿಗಿದು, ಓವನ್ನಿನಲ್ಲಿ ರಾತ್ರಿಯಿಡೀ ಬೇಯಲು ಬಿಡುತ್ತಾಳೆ. ಬೆಳಿಗ್ಗೆ ಹೊರಗೆ ಬರುವುದು ಆರಿದ ಡಿಕಾಕ್ಷನ್ನಿನಂಥ ಕಂದು ನೀರು. ಅದನ್ನು ಶೋಧಿಸಿ, ಗಿರಗಿರನೆ ತಿರುಗುವ ಯಂತ್ರದಲ್ಲಿಟ್ಟು, ಮೇಲೆ ನಿಂತ ತಿಳಿಯನ್ನು ತೆಗೆದರೆ ಅದರೊಳಗೆ ಇಂಗಾಲದ ನ್ಯಾನೊ ಕಣಗಳಿರುತ್ತವೆ. ಒಂದು ಕೂದಲಿನ ಅಗಲದಲ್ಲಿ ಸಾವಿರಾರು ಕಣಗಳನ್ನು ಸಾಲಾಗಿ ನಿಲ್ಲಿಸಬಹುದು, ನಿಲ್ಲಿಸುವಷ್ಟು ತಾಳ್ಮೆ ಇದ್ದರೆ. ಬರಿಗಣ್ಣಿಗೆ ಕಾಣುವುದಿಲ್ಲ. ಕತ್ತಲಲ್ಲಿ ನೇರಳಾತೀತ ದೀಪ ಹಿಡಿದರೆ ಮಾತ್ರ ನೀಲಿಯಾಗಿ ಹೊಳೆಯುತ್ತವೆ. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಆ ಹೊಳಪು ಮಂಕಾಗುತ್ತದೆ. ಅಂದರೆ ಒಂದು ಹನಿ ಹಾಕಿ, ದೀಪ ಹಿಡಿದು, ಮನೆಯ ಕುಡಿಯುವ ನೀರು ನೆಟ್ಟಗಿದೆಯೋ ಇಲ್ಲವೋ ಹೇಳಬಹುದು. ಇದು ಅಕ್ಕನ ಸಂಶೋಧನೆ. ಇದರಲ್ಲಿ ಶೋಧನೆಯೆಲ್ಲ ನನ್ನದು, ‘ಸಂ’ ಮಾತ್ರ ಅವಳದು ಎಂದು ನಾನು ಕಾಲೇಜಿನ ತುಂಬ ಹೇಳಿಕೊಂಡು ತಿರುಗುತ್ತಿದ್ದೆ.

ತಿರುಗುತ್ತಿದ್ದದ್ದು ಅಪ್ಪ ಇದ್ದಾಗ. ಅಪ್ಪ ಹೋದ ಮೇಲೂ ಇಂಥ ಮಾತುಗಳು ಬರುವುದೇನೂ ನಿಲ್ಲಲಿಲ್ಲ. ನೀರು ನಿಂತ ನಲ್ಲಿ ತಿರುಗಿಸಿದಾಗ ಬುಸ್ಸೆಂದು ಗಾಳಿ ಬರುತ್ತದಲ್ಲ, ಹಾಗೆ ಬರುತ್ತಿದ್ದವು.

ಅಪ್ಪನದು ಔಷಧಿ ಅಂಗಡಿ. ಒಂದು ಬೆಳಿಗ್ಗೆ ಶಟರ್ ಅರ್ಧ ಎತ್ತಿದವರು ಅಲ್ಲೇ ಕುಸಿದರು. ಅರ್ಧ ಎತ್ತಿದ ಶಟರನ್ನು ಪಕ್ಕದ ಅಂಗಡಿಯವರು ಇಳಿಸಿದರು. ಮನೆಯಲ್ಲಿ ನಾವು ಮೂವರೂ ಸರಿಯಾಗಿ ಅಳಲಿಲ್ಲ. ಅಳುವವರು ಬಂದು, ಅತ್ತು, ಹೋದರು. ನಾವು ಅವರಿಗೆ ನೀರು ಕೊಟ್ಟು, ಚಪ್ಪಲಿ ಹುಡುಕಿ ಕೊಟ್ಟು, ಬಾಗಿಲ ತನಕ ಬಿಟ್ಟು ಬಂದೆವು. ನನ್ನ ಬಾಯಲ್ಲಿ ಊರವರ ದನಿಯೆಲ್ಲ ಬರುತ್ತದೆ. ಚಿಕ್ಕಪ್ಪ ಒಬ್ಬರು ಹೋಗುವಾಗ, “ಒಂದ್ಸಲ ನಿಮ್ಮಪ್ಪನ ಹಾಗೆ ಮಾತಾಡೋ, ಕೇಳ್ತೀನಿ” ಅಂದರು. ಬಸ್ಸು ತಪ್ಪಿಹೋಗುತ್ತದೆ ಎಂದು ಅವರನ್ನು ಕಳಿಸಿದೆ.

ಅಪ್ಪ ಬಿಳಿ ಅಂಗಿ ಬಿಟ್ಟು ಬೇರೆ ಹಾಕಿದವರಲ್ಲ. ಮಾತ್ರೆ ಕೊಡುವವನ ಅಂಗಿಯಲ್ಲಿ ಕಲೆ ಕಂಡರೆ ಗಿರಾಕಿ ಮಾತ್ರೆಯನ್ನೇ ಅನುಮಾನಿಸುತ್ತಾನೆ ಎನ್ನುವುದು ಅವರ ಸಿದ್ಧಾಂತ. ಆ ಸಿದ್ಧಾಂತವನ್ನು ಕೈಯಾರೆ ಒಗೆದವಳು ಅಮ್ಮ. ಬಿಳಿ ಬಟ್ಟೆಗೆಂದೇ ಬರುವ ಪುಡಿಯನ್ನು ಬಕೆಟ್ಟಿಗೆ ಸುರಿದು, ರಾತ್ರಿ ನೆನೆಸಿ, ಬೆಳಿಗ್ಗೆ ತಿಕ್ಕಿ, ಬಿಸಿಲಿಗೆ ಹಾಕುತ್ತಿದ್ದಳು.

ಅಪ್ಪ ಹೋದ ವಾರವೇ ಅಕ್ಕ ಲ್ಯಾಬಿಗೆ ಹೋದಳು. ಮನೆಯಲ್ಲಿ ಕೂತು ಏನು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ, ಹೋಗಬೇಡ ಅನ್ನಲು ನಮಗೆ ತಿಳಿಯಲಿಲ್ಲ. ಅಲ್ಲಿಯವರೆಗೆ ಅವಳ ಜೋಳದ ನೀರು ಹೊಳೆಯುತ್ತಿದ್ದುದು ಅಷ್ಟಕ್ಕಷ್ಟೆ. ಅಂದು ಊಟಕ್ಕೆ ಕೂತಾಗ, “ಫಿಲ್ಟರ್ ಪೇಪರ್ ಹರಿದು ಹೋಗ್ತಿದೆ, ಗಸಿ ಅಷ್ಟು ದಪ್ಪ” ಅಂದಳು. ಯಾರಿಗೆ ಹೇಳಿದಳೋ. ಅಮ್ಮ ಎದ್ದು ಕೈ ತೊಳೆದು, ಬೀರು ತೆಗೆದು, ಅಪ್ಪನ ಅಂಗಿಗಳನ್ನು ತಂದು, ಕತ್ತರಿ ಹಿಡಿದು ಕೂತಳು.

“ಅಮ್ಮ, ಏನ್ಮಾಡ್ತಿದೀಯ?”

“ಹತ್ತಿ ಬಟ್ಟೆ. ಚೆನ್ನಾಗಿ ಶೋಧಿಸ್ತದೆ. ಬೀರುನಲ್ಲಿಟ್ಟು ಪೂಜೆ ಮಾಡ್ಲಾ?”

ಕಾಲರು ಬೇರೆ, ಗುಂಡಿ ಬೇರೆ, ಬೆನ್ನಿನ ಭಾಗ ಚೌಕ ಚೌಕ. ನಾವು ನೋಡುತ್ತ ಊಟ ಮುಗಿಸಿದೆವು.

ಆಮೇಲೆ ವಾರಕ್ಕೊಮ್ಮೆ ಕಂದು ಕಲೆಯ ಚೌಕಗಳು ನನ್ನ ಚೀಲದಲ್ಲಿ ಮನೆಗೆ ಹೋಗುವುದು, ಅಮ್ಮ ಅವನ್ನು ಅದೇ ಪುಡಿಯಲ್ಲಿ ಒಗೆದು, ಇಸ್ತ್ರಿ ಮಾಡಿ, ಮಡಿಸಿ ಕೊಡುವುದು ರೂಢಿಯಾಯಿತು. ಬೇರೆ ಕೆಲಸಗಳನ್ನು ಅಮ್ಮ ಮಾಡಿದರೆ ಮಾಡಿದಳು, ಇಲ್ಲದಿದ್ದರೆ ಇಲ್ಲ. ಇದೊಂದಕ್ಕೆ ಮಾತ್ರ ಬೆಳಿಗ್ಗೆ ಎದ್ದೇಳುತ್ತಿದ್ದಳು.

ಅಪ್ಪ ಹೋದ ಅದೇ ವಾರ ಅಕ್ಕ ಓವನ್ನಿನ ಬಿಸಿಯನ್ನೂ ಏರಿಸಿದ್ದಳು. ಏರಿಸಿದ ಮಾರನೆಯ ದಿನ ದೀಪ ಹಿಡಿದರೆ, ಬಾಟಲಿ ಭಗ್ಗೆಂದಿತು. ಅಂಥ ನೀಲಿಯನ್ನು ನಾವು ಆ ಕೋಣೆಯಲ್ಲಿ ನೋಡಿರಲಿಲ್ಲ. “ಬಿಸಿ ಸಾಲದಾಗಿತ್ತು, ಅಷ್ಟೆ” ಅಂದಳು ಅಕ್ಕ. ಖುಷಿಯಾಗಬೇಕಿತ್ತು. ಇಬ್ಬರೂ ಬಾಟಲಿಗೆ ಚೀಟಿ ಅಂಟಿಸಿದೆವು.

ಆ ನೀಲಿಯಿಂದಾಗಿಯೇ ಮನೆಬಳಕೆಯ ನೀರಿನ ಫಿಲ್ಟರ್ ತಯಾರಿಸುವ ಕಂಪನಿಯೊಂದು ನೋಡಲು ಬರುತ್ತೇವೆ ಎಂದಿತು. ನಮ್ಮ ವಿಭಾಗದ ಮುಖ್ಯಸ್ಥರಿಗೆ ನಾನಿಟ್ಟ ಹೆಸರು ಗುಡುಗಪ್ಪ. ಪಕ್ಕದಲ್ಲಿ ಕೂತವರನ್ನೂ ಆಚೆ ದಡದಲ್ಲಿ ನಿಂತವರನ್ನು ಕರೆಯುವ ಹಾಗೆ ಮಾತಾಡಿಸುತ್ತಾರೆ. ಅವರಿಗೆ ಉತ್ತರಪತ್ರಿಕೆ ತುಂಬಿಡಲು ಒಂದು ಕೋಣೆ ಬೇಕಾಗಿತ್ತು. ಕಣ್ಣು ನಮ್ಮ ಕೋಣೆಯ ಮೇಲೆ.

“ನೋಡಮ್ಮಾ! ಕಂಪನಿಯವರು ಹೂಂ ಅಂದ್ರೆ ಕೋಣೆ ನಿಂದು! ಕೆಲಸಾನೂ ನಿಂದು! ಊಹೂಂ ಅಂದ್ರೆ ನಾನೇನೂ ಮಾಡಕ್ಕಾಗಲ್ಲ! ಏನಂತೀಯಾ!”

ಅಕ್ಕನ ಹುದ್ದೆ ಆ ಕೋಣೆಗೆ ಗಂಟು ಬಿದ್ದದ್ದು. ನನ್ನದು ಅವಳ ಸೆರಗಿಗೆ. ಓದಿದ ಅಷ್ಟೂ ವರ್ಷ ಅವಳು ಬೇರೇನನ್ನೂ ಮಾಡಿರಲಿಲ್ಲ, ಮಾಡಬೇಕೆಂದೂ ಅವಳಿಗೆ ಅನಿಸಿರಲಿಲ್ಲ.

ಕಂಪನಿಯವರು ಬರುವ ಹಿಂದಿನ ದಿನ ಮಧ್ಯಾಹ್ನ, ಅಮ್ಮ ಕೊಟ್ಟ ಇಸ್ತ್ರಿ ಮಾಡಿದ ಚೌಕಗಳನ್ನು ತೆಗೆದುಕೊಂಡು ಲ್ಯಾಬಿಗೆ ಹೋದೆ. ಅಕ್ಕ ಬಾಟಲಿಗಳನ್ನು ಸಾಲಾಗಿ ಜೋಡಿಸಿದ್ದಳು. ಎಡಗಡೆ ಬರೀ ನೀರು, ನಡುವೆ ಜೋಳದ ನೀರು, ಬಲಗಡೆ ಜೋಳದ ನೀರಿಗೆ ತುಕ್ಕಿನ ನೀರು ಬೆರೆಸಿದ್ದು.

“ಲೋ, ನೀನು ಕಂಪನಿಯವನಾಗು. ನಾನು ಒಂದ್ಸಲ ಪೂರ್ತಿ ಹೇಳ್ತೀನಿ. ಅಡ್ಡಪ್ರಶ್ನೆ ಕೇಳು.”

“ಕಂಪನಿಯವರನ್ನ ನಾನು ನೋಡೇ ಇಲ್ವಲ್ಲ.”

“ನೋಡದವರ ದನಿ ಬರಲ್ವಾ ನಿಂಗೆ? ಯಾವನಾದ್ರೂ ಒಬ್ಬ ದೊಡ್ಡ ಮನುಷ್ಯನ್ನ ಮಾಡು.”

ದೊಡ್ಡ ಮನುಷ್ಯರಿಗೆ ಎದೆಯ ಜೇಬಿನಲ್ಲಿ ಕರ್ಚೀಫು ಇಣುಕುತ್ತಿರಬೇಕು. ಅಮ್ಮನ ಚೌಕವೊಂದನ್ನು ತ್ರಿಕೋನ ಮಡಿಸಿ ಜೇಬಿಗೆ ಸಿಕ್ಕಿಸಿಕೊಂಡೆ. ಮೂಗಿನಲ್ಲಿ ಮಾತಾಡುವ, ಪ್ರತಿ ಮಾತಿಗೂ ಗಡಿಯಾರ ನೋಡುವ ಒಬ್ಬನನ್ನು ಹುಟ್ಟಿಸಿದೆ. ಮೊದಲಾಗಿದ್ದರೆ ಅಕ್ಕ ಮೇಜು ಹಿಡಿದು ನಗುತ್ತಿದ್ದಳು. ಈಗ, “ಹಾಂ, ಸರಿ, ಶುರು ಮಾಡೋಣ” ಅಂದಳು.

ಕಿಟಕಿಗೆ ರಟ್ಟು ಮುಚ್ಚಿ ಲೈಟು ಆರಿಸಿದೆವು. ಅಕ್ಕ ದೀಪ ಹಚ್ಚಿದಳು. ಆ ದೀಪ ಹಚ್ಚಿದಾಗಲೆಲ್ಲ ಬಿಳಿಯದೆಲ್ಲ ಹೊಳೆಯುತ್ತದೆ: ಅವಳ ಹಲ್ಲು, ನನ್ನ ಬನಿಯನ್ನಿನ ಅಂಚು, ಗೋಡೆಗೆ ಅಂಟಿಸಿದ ಕಾಗದ. ನೋಡಿ ನೋಡಿ ನಮಗೆ ಅದು ಕಾಣುವುದೇ ನಿಂತುಹೋಗಿತ್ತು.

“ಇದು ಬರೀ ನೀರು. ಕಪ್ಪಾಗಿದೆ, ನೋಡಿ. ಇದು ಜೋಳದ ಬೆಂಡಿನಿಂದ ತೆಗೆದ ಕಣಗಳಿರೋ ನೀರು.”

ನಡುವಿನ ಬಾಟಲಿ ನೀಲಿಯಾಗಿ ಎದ್ದಿತು. ನನ್ನ ಮೂಗಿನವನು ಬಗ್ಗಿ ನೋಡಿದ. ಬಗ್ಗಿದಾಗ ಜೇಬಿನ ಕರ್ಚೀಫು ಬಾಟಲಿಯ ಪಕ್ಕಕ್ಕೇ ಬಂತು.

“ಮೇಡಂ,” ಅಂದ ಅವನು, “ಈ ಕರ್ಚೀಫೂ ಜೋಳದಿಂದ್ಲೇ ಮಾಡಿದ್ದೇನ್ರೀ? ಎರಡೂ ಒಂದೇ ಬಣ್ಣ ಇದಾವಲ್ಲ. ನಮ್ಮ ಕಂಪನಿಗೆ ಒಂದು ಡಜನ್ ಕಳಿಸಿಬಿಡಿ.”

ಎರಡನೆಯ ವಾಕ್ಯ ಮುಗಿಯುವ ಮೊದಲೇ ನನಗೆ ತಿಳಿದಿತ್ತು. ಆದರೆ ಬಾಯಿಗೆ ತಿಳಿದಿರಲಿಲ್ಲ. ಅದು ಡಜನ್ ತನಕ ಹೋಗಿ ನಿಂತಿತು.

ಅಕ್ಕ ದೀಪವನ್ನು ಬಾಟಲಿಯಿಂದ ನನ್ನ ಜೇಬಿಗೆ ತಂದಳು. ಜೇಬಿನಿಂದ ಬಾಟಲಿಗೆ ಒಯ್ದಳು.

“ಬರೀ ನೀರನ್ನ ಯಾವತ್ತಾದ್ರೂ ಬಟ್ಟೇಲಿ ಶೋಧಿಸಿದ್ದೀವಾ?” ಅಂದಳು.

“ಬರೀ ನೀರಲ್ಲಿ ಶೋಧಿಸೋಕೆ ಏನಿದೆ?”

“ಅದೇ. ಏನೂ ಇಲ್ಲ ಅಂತ ಶೋಧಿಸ್ಲಿಲ್ಲ.”

ಬಿಳಿ ಬಟ್ಟೆಯ ಪುಡಿಯಲ್ಲಿ ಕೊಳೆ ತೆಗೆಯುವುದರ ಜೊತೆಗೆ ಬಟ್ಟೆಗೆ ಮೆತ್ತಿಕೊಂಡು ಹೊಳೆಯುವ ಒಂದು ಬಣ್ಣವೂ ಇರುತ್ತದೆ. ಕಾಣದ ಕಿರಣವನ್ನು ಕುಡಿದು ನೀಲಿಯನ್ನು ಉಗುಳುತ್ತದೆ. ಬಿಸಿಲಲ್ಲಿ ನಿಂತ ಅಂಗಿ ‘ಬಿಳಿಗಿಂತ ಬಿಳಿ’ ಕಾಣುವುದು ಅದರಿಂದಲೇ. ಇದು ಅಕ್ಕನಿಗೆ ಗೊತ್ತಿಲ್ಲದ ವಿಷಯವಲ್ಲ. ವಿದ್ಯಾರ್ಥಿಗಳಿಗೆ ಅವಳೇ ಪಾಠ ಮಾಡುತ್ತಾಳೆ. ನನಗೂ ಗೊತ್ತಿತ್ತು. ತಪ್ಪು ಮಾಡಲು ನಮಗೆ ಅಜ್ಞಾನದ ಅಗತ್ಯ ಬೀಳಲಿಲ್ಲ.

ಬೀಕರಿಗೆ ಬರೀ ನೀರು ಹಾಕಿ, ಒಂದು ಚಿಟಿಕೆ ಕ್ಷಾರ ಬೆರೆಸಿ, ಬಿಸಿ ಮಾಡಿ, ಅಮ್ಮನ ಚೌಕದ ಮೂಲಕ ಸುರಿದೆ. ಅಕ್ಕ ಕತ್ತಲು ಮಾಡಿ ದೀಪ ಹಿಡಿದಳು. ಜೋಳದ ಒಂದು ಎಳೆಯೂ ಮುಟ್ಟದ ಆ ನೀರು ಭಗ್ಗೆಂದಿತು. ತುಕ್ಕಿನ ನೀರು ಬೆರೆಸಿದೆ, ಮಂಕಾಯಿತು. ತುಕ್ಕಿನ ನೀರು ಬೆರೆಸಿದರೆ ಯಾವ ಹೊಳಪು ತಾನೇ ಮಂಕಾಗುವುದಿಲ್ಲ?

ಲೈಟು ಹಾಕಿದೆ. ಅಕ್ಕನ ಮುಖದಲ್ಲಿ ಏನೂ ಆಗಿರಲಿಲ್ಲ. ಸ್ಟೂಲಿನ ಮೇಲೆ ಕೂತು ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಬಿಚ್ಚಿದಳು.

“ಆ ವಾರ ಎರಡು ಬದಲಾಯಿಸಿದೆ. ಬಿಸೀನೂ, ಬಟ್ಟೇನೂ. ಮೊದಲನೇ ವರ್ಷದ ಮಕ್ಕಳಿಗೆ ಏನು ಹೇಳ್ತೀನಿ ನಾನು? ಒಂದು ಸಲಕ್ಕೆ ಒಂದೇ ಬದಲಾಯಿಸಿ.”

“ಅಕ್ಕ, ನಾಳೆ ಒಂದಿನ ಕಳೀಲಿ. ಅವರು ನೋಡ್ಕೊಂಡು ಹೋಗ್ಲಿ. ಹೂಂ ಅನ್ಲಿ. ಆಮೇಲೆ ನಿಧಾನವಾಗಿ ಸರಿ ಮಾಡ್ಕೊಳ್ಳೋಣ.”

“ಇದು ಯಾರ ದನಿ?”

“ನಂದೇ.”

“ಗುರುತು ಸಿಗ್ಲಿಲ್ಲ.”

ಬೈದಿದ್ದರೆ ಚೆನ್ನಾಗಿತ್ತು. ಮಾಹಿತಿ ಕೊಡುವವಳಂತೆ ಹೇಳಿದಳು.

“ಇಷ್ಟು ದಿನ ಹೊಳೆದಿದ್ದು ಅಪ್ಪನ ಅಂಗಿ ಕಣೋ. ಅದನ್ನ ತೋರಿಸಿ ಜೋಳ ಅನ್ಲಾ? ಹಿಟ್ಟು ತಗೊಂಬಾ. ಇವತ್ತು ಬೇಯಿಸಿಡೋಣ, ನಾಳೆ ಪೇಪರಲ್ಲಿ ಶೋಧಿಸು. ಹರಿದ್ರೆ ಇನ್ನೊಂದು ಹಾಕು. ಎಷ್ಟು ಹರಿದ್ರೂ ಹಾಕು.”

ಹಿಟ್ಟು ತಂದೆ. ಮುಚ್ಚಳ ಬಿಗಿದೆ. ಓವನ್ನಿನ ಸಣ್ಣ ಕೆಂಪು ದೀಪ ಹತ್ತಿಕೊಂಡಿತು. ಇಬ್ಬರೂ ಬೀಗ ಹಾಕಿ, ಬಸ್ಸಿಗೆ ನಿಂತು, ಮನೆಗೆ ಹೋದೆವು. ದಾರಿಯಲ್ಲಿ ತರಕಾರಿ ತರಬೇಕೆಂದು ನೆನಪಾಗಿ ತರಕಾರಿಯನ್ನೂ ತಂದೆವು.

ಅಮ್ಮ ಬಾಗಿಲಲ್ಲೇ ಇನ್ನೊಂದು ಕಟ್ಟು ಹಿಡಿದು ನಿಂತಿದ್ದಳು.

“ತಗೊಳ್ಳೇ. ನಾಳೆ ದೊಡ್ಡವರು ಬರ್ತಾರಲ್ಲ, ಉಳಿದಿದ್ದವಕ್ಕೂ ಪುಡಿ ಒಂದು ಹಿಡಿ ಜಾಸ್ತಿ ಹಾಕಿ ಒಗ್ದಿದೀನಿ. ನೋಡು, ಹೊಸದರ ಹಾಗಿದಾವೆ.”

“ಹೌದಮ್ಮ. ಚೆನ್ನಾಗಿದಾವೆ.”

ಅಕ್ಕ ಆ ಕಟ್ಟನ್ನು ತನ್ನ ಚೀಲದೊಳಗೆ ಸುಕ್ಕಾಗದ ಹಾಗೆ ಇಟ್ಟುಕೊಂಡಳು. ನನ್ನ ಕಡೆ ನೋಡಲಿಲ್ಲ. ಊಟಕ್ಕೆ ಕೂತಾಗ ಅಮ್ಮ, “ಉಪ್ಪು ಸರಿಯಿದ್ಯಾ?” ಅಂದಳು. ಸರಿಯಿದೆ ಅಂದೆವು. ಉಪ್ಪು ಹಾಕಿರಲಿಲ್ಲ. ಅದು ತಿಳಿದದ್ದು ಅಮ್ಮನೂ ಉಂಡು ಮುಗಿಸಿದ ಮೇಲೆ. “ಹಾಕೇ ಇಲ್ಲ ಅಲ್ವಾ?” ಅಂದಳು. “ಹೂಂ” ಅಂದೆವು.

ಮಾರನೆಯ ದಿನ ಬಂದದ್ದು ಒಬ್ಬ ಹೆಂಗಸು. ಜೇಬಿಲ್ಲ, ಕರ್ಚೀಫಿಲ್ಲ, ಮೂಗಿನ ಮಾತಿಲ್ಲ. ನನ್ನ ಮನುಷ್ಯ ಪೂರ್ತಿ ಸುಳ್ಳಾದ. ಫಿಲ್ಟರಿನ ವಿಷಯ ಬಲ್ಲವಳು, ಹರಟೆ ಬೇಡದವಳು.

“ಮೇಡಂ!” ಅಂದರು ಗುಡುಗಪ್ಪ, ಅವಳ ಕಿವಿಯ ಪಕ್ಕ. “ಹೊಲದಲ್ಲಿ ಸುಟ್ಟು ಹಾಳುಮಾಡೋ ದಂಟು! ಅದರಿಂದ ಬೆಳಕು ತೆಗೆದಿದಾಳೆ ನಮ್ಮ ಹುಡುಗಿ! ಬೆಳಕು!”

“ನೋಡೋಣ ಸರ್” ಅಂದಳು ಆಕೆ, ಅರ್ಧ ಹೆಜ್ಜೆ ಸರಿದು.

ಕೋಣೆ ಕತ್ತಲಾಯಿತು. ಅಕ್ಕ ದೀಪ ಹಿಡಿದು ಹಳೆಯ ಬಾಟಲಿಯನ್ನು ಎತ್ತಿ ತೋರಿಸಿದಳು. ನೀಲಿ ಭಗ್ಗೆಂದಿತು. “ಆಹಾ!” ಅಂದರು ಗುಡುಗಪ್ಪ.

“ಇದನ್ನ ನಂಬಿ ನೀವು ಬಂದ್ರಿ” ಅಂದಳು ಅಕ್ಕ. “ಇದು ಜೋಳದ್ದಲ್ಲ.” ಪಕ್ಕದ ಬಾಟಲಿ ಎತ್ತಿದಳು. ಅದೂ ಅಷ್ಟೇ ನೀಲಿ. “ಇದರಲ್ಲಿ ಜೋಳ ಇಲ್ಲವೇ ಇಲ್ಲ. ಬಟ್ಟೇಲಿ ಶೋಧಿಸಿದ ನೀರು, ಅಷ್ಟೆ. ಬಟ್ಟೆಗೆ ನಮ್ಮ ಮನೇಲಿ ಹಾಕೋ ಪುಡಿ ಹೊಳೀತಿದೆ. ನಿನ್ನೆ ಗೊತ್ತಾಯ್ತು.” ಮೂರನೆಯದನ್ನು ಎತ್ತಿದಳು. “ಇವತ್ತು ಬೆಳಿಗ್ಗೆ ಪೇಪರಲ್ಲಿ ಶೋಧಿಸಿದ್ದು. ಇದು ಜೋಳ.”

ಆಕೆ ಬಗ್ಗಿ ನೋಡಿದಳು. “ಎಲ್ಲಿ?”

“ಇದೆ. ಮಂದವಾಗಿದೆ. ಕಣ್ಣು ಕತ್ತಲಿಗೆ ಒಗ್ಗಬೇಕು.”

“ಹೌದಾ,” ಅಂದಳು. ಒಂದೆರಡು ಉಸಿರಿನಷ್ಟು ಹೊತ್ತು ನಿಂತು ನೋಡಿದಳು. “ನಮ್ಮ ಗಿರಾಕಿ ಅಡುಗೆಮನೇಲಿ, ಹಗಲು ಹೊತ್ತಿನಲ್ಲಿ ನೋಡ್ತಾರಮ್ಮ. ಅವರನ್ನ ಕತ್ತಲಲ್ಲಿ ಕಾಯಿಸೋಕಾಗಲ್ಲ.”

“ಗೊತ್ತು.”

“ನೀವು ಹೇಳದೇ ಇದ್ದಿದ್ರೆ ನಾನು ಇವತ್ತು ಹೂಂ ಅಂತಿದ್ದೆ.”

“ಅದೂ ಗೊತ್ತು.”

ಲೈಟು ಹಾಕಿದೆ. ಆಕೆ ಅಕ್ಕನ ಕೈ ಕುಲುಕಿದಳು, ನನ್ನ ಕೈಯನ್ನೂ ಕುಲುಕಿದಳು, ಹೋದಳು. ಗುಡುಗಪ್ಪ ಅವಳನ್ನು ಕಾರಿನ ತನಕ ಬಿಟ್ಟು ವಾಪಸು ಬಂದು ಬಾಗಿಲಲ್ಲಿ ನಿಂತರು. ಗುಡುಗಲಿಲ್ಲ. ಅವರಿಗೆ ಅಂಥ ಸಣ್ಣ ದನಿಯೊಂದಿದೆ ಎಂದು ನನಗೆ ಗೊತ್ತಿರಲಿಲ್ಲ. ಅದನ್ನು ನಾನು ಕಲಿತಿರಲಿಲ್ಲ.

“ಸೋಮವಾರ ಬೀಗದ ಕೈ ಆಫೀಸಿಗೆ ಕೊಟ್ಬಿಡಮ್ಮ” ಅಂದರು.

“ಸರಿ ಸರ್.”

“ನನ್ನ ಕೈಲಿದ್ದಿದ್ರೆ…”

“ಸರಿ ಸರ್.”

ಸಂಜೆಯವರೆಗೂ ಕೋಣೆ ಖಾಲಿ ಮಾಡಿದೆವು. ಗೋಣಿಚೀಲಗಳನ್ನು ತೋಟದ ಮಾಲಿ ಗೊಬ್ಬರಕ್ಕೆಂದು ಎಳೆದುಕೊಂಡು ಹೋದ. “ಸಾರ್, ಬೆಂಡಿಗೆಲ್ಲ ಬೆಂಡೆತ್ತಿ ಮುಗೀತಾ?” ಅಂದ, ನಾನು ಹೇಳಿಕೊಟ್ಟ ಮಾತನ್ನೇ. “ನಮಗೇ ಎತ್ತಿಬಿಡ್ತು ಮಾರಾಯ” ಅಂದೆ. ಅವನು ಹೊಟ್ಟೆ ಹಿಡಿದು ನಕ್ಕ. ಅಷ್ಟು ನಗುವಂಥದ್ದೇನೂ ಅಲ್ಲ.

ಅಕ್ಕ ಕೈದೀಪವನ್ನೂ, ಮೂರನೆಯ ಬಾಟಲಿಯನ್ನೂ ಚೀಲಕ್ಕೆ ಹಾಕಿಕೊಂಡಳು. ಉಳಿದ ನೀಲಿಯನ್ನು ಸಿಂಕಿಗೆ ಸುರಿದಳು. ಹಗಲಲ್ಲಿ ಅದು ಬರೀ ಕೊಳೆನೀರು.

ಮನೆ ತಲುಪಿದಾಗ ಅಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಮೈಮೇಲೆ ಹಳೆಯ ಕಂದು ಸೀರೆ.

“ಏನಂದ್ರು?”

“ಬೇಡ ಅಂದ್ರಮ್ಮ.”

“ಯಾಕಂತೆ?”

ಅಕ್ಕ ಹೇಳಿದಳು. ಸುತ್ತಿ ಬಳಸಲಿಲ್ಲ. ಅಂಗಿ, ಪುಡಿ, ಶೋಧಿಸದೇ ಬಿಟ್ಟ ಬರೀ ನೀರು, ಎಲ್ಲ ಹೇಳಿದಳು. ಅಮ್ಮನ ಕೈ ನಾರು ತೆಗೆಯುತ್ತಲೇ ಇತ್ತು.

“ನಾನು ಪುಡಿ ಹಾಕಿದ್ದಕ್ಕಾ?”

“ಅಲ್ಲಮ್ಮ. ನಾನು ಒಂದೇ ವಾರದಲ್ಲಿ ಎರಡು ಬದಲಾಯಿಸಿದ್ದಕ್ಕೆ. ಯಾವುದರಿಂದ ಆಯ್ತು ಅಂತ ನೋಡ್ಲಿಲ್ಲ.”

“ಯಾವ ವಾರ?”

“ಆ ವಾರ.”

“ಆ ವಾರ ಯಾರಿಗೆ ಏನು ಕಾಣಿಸ್ತಿತ್ತೇ” ಅಂದಳು ಅಮ್ಮ. ಒಂದು ಕಾಯಿ ಮುರಿದಳು. “ಪುಡಿ ಬದಲಿಸ್ಲಾ?”

“ಬೇಡಮ್ಮ. ಇನ್ಮೇಲೆ ಬಟ್ಟೇನೇ ಬೇಡ.”

ಅಮ್ಮ ತಟ್ಟೆಯನ್ನು ಪಕ್ಕಕ್ಕಿಟ್ಟಳು. ಬಚ್ಚಲ ಕಡೆ ನೋಡಿದಳು. ಅಲ್ಲಿ ಬಕೆಟ್ಟು ಕವುಚಿ ಹಾಕಿತ್ತು. ಏನೋ ಕೇಳಬೇಕೆಂದಿದ್ದವಳು ಅದನ್ನು ಬಿಟ್ಟು ಬೇರೇನೋ ಕೇಳಿದಳು.

“ಹಂಗಾದ್ರೆ ಜೋಳ ಒಂದೇ ಅಂದ್ರೆ ಹೊಳೆಯೋದೇ ಇಲ್ವಾ?”

“ಹೊಳೆಯುತ್ತೆ. ಸ್ವಲ್ಪ.”

“ಎಷ್ಟು ಸ್ವಲ್ಪ?”

ಅಕ್ಕ ಚೀಲದಿಂದ ಬಾಟಲಿ ತೆಗೆದು ಕಟ್ಟೆಯ ಮೇಲಿಟ್ಟಳು. ನಾನು ಕಿಟಕಿ ಹಾಕಿದೆ. ಲೈಟನ್ನು ಅಮ್ಮನೇ ಆರಿಸಿದಳು. ಅಕ್ಕ ದೀಪ ಹಚ್ಚಿ ಬಾಟಲಿಯ ಹಿಂದೆ ಹಿಡಿದಳು. ಕಟ್ಟೆಯ ಕಲ್ಲು, ಒಲೆ, ಅಮ್ಮ, ಎಲ್ಲ ಒಂದೇ ಕಪ್ಪಾಗಿ ನಿಂತವು. ಯಾರ ಮುಖವೂ ಕಾಣುತ್ತಿರಲಿಲ್ಲ. ಹತ್ತಿರದಲ್ಲಿ ಯಾರೋ ಮೂಗೆಳೆದುಕೊಂಡರು. ಅಕ್ಕನೋ ಅಮ್ಮನೋ, ದನಿ ಗುರುತಿಸುವ ನನಗೂ ತಿಳಿಯಲಿಲ್ಲ.

“ಕಾಣ್ತಾ?”

“ಇಲ್ಲ.”

“ಕಣ್ಣು ಒಗ್ಗಬೇಕಮ್ಮ. ಇನ್ನೊಂಚೂರು ನಿಲ್ಲು.”

“ನಿಂತಿದೀನಲ್ಲೇ” ಅಂದಳು ಅಮ್ಮ. “ನೀನು ದೀಪ ಅಲ್ಲಾಡಿಸ್ಬೇಡ.”